ದನಿಯ ತಡ: ಕೇದಾರ ಘಾಟ್‌ನಿಂದ ಧ್ವನಿಮುದ್ರಣದ ಕಂಪ್ಯೂಟರ್‌ವರೆಗೆ

ದನಿ ಹುಟ್ಟಿದ ಕ್ಷಣಕ್ಕೂ ಅದು ಕಿವಿಗೆ ಬಿದ್ದ ಕ್ಷಣಕ್ಕೂ ನಡುವೆ ಉಳಿಯುವ ಅಂತರವನ್ನು ಧ್ವನಿಮುದ್ರಣದವರು ಲೇಟೆನ್ಸಿ ಅನ್ನುತ್ತಾರೆ. ಆ ಅಂತರವನ್ನು ಲೆಕ್ಕ ಹಾಕಿ ಸರಿಹೊಂದಿಸುವ ಕೆಲಸಕ್ಕೆ ಡಿಲೇ ಕಾಂಪನ್ಸೇಶನ್ ಎಂಬ ಹೆಸರಿದೆ. ಎರಡೂ ಈಗ ಸಂಗೀತ ತಂತ್ರಾಂಶಗಳ ಮೆನುವಿನಲ್ಲಿ ಕಾಣುವ ಪದಗಳಾದ್ದರಿಂದ ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ತೊಂದರೆ ಎಂದು ಅನೇಕರು ತಿಳಿದಿದ್ದಾರೆ. ಆದರೆ ತಡ ಗಾಳಿಯಷ್ಟೇ ಹಳೆಯದು. 25 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ದನಿ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಮೂರು ಮೀಟರ್ ದೂರ ಕೂತವನಿಗೆ ತಂಬೂರಿಯ ದನಿ 9 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಕಳೆದ ನೂರಿಪ್ಪತ್ತು ವರ್ಷಗಳ ಧ್ವನಿಮುದ್ರಣದ ಇತಿಹಾಸದಲ್ಲಿ ಎರಡು ಬಗೆಯ ತಡಗಳು ಕಾಣಿಸಿಕೊಂಡಿವೆ. ಮುಂಚೆಯೇ ಅಳತೆ ಗೊತ್ತಿರುವ ತಡವನ್ನು ಪೂರ್ತಿಯಾಗಿ ಸರಿಪಡಿಸಬಹುದು. ಹಾಡುತ್ತಿರುವವನು ಹಾಡುತ್ತಿರುವಾಗಲೇ ಕೇಳಿಸಿಕೊಳ್ಳುವ ತಡವನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲು ಆಗದು.

ಕಾಶಿಯ ಕೇದಾರ ಘಾಟ್ ಈ ತಡವನ್ನು ಕಣ್ಣಿನಿಂದಲೇ ನೋಡಬಹುದಾದ ಜಾಗ. ಕೆಂಪು–ಬಿಳಿ ಪಟ್ಟೆ ಬಳಿದ ಕೇದಾರೇಶ್ವರ ದೇವಸ್ಥಾನ ಮೆಟ್ಟಿಲುಗಳ ನೆತ್ತಿಯಲ್ಲಿದೆ. 17ನೇ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ಶೈವ ಸಂತ ಕುಮಾರಗುರುಪರರ ಮಠದ ಪರಂಪರೆ ಅದನ್ನು ನೋಡಿಕೊಳ್ಳುತ್ತದೆ, ಪೂಜೆಯೂ ದಕ್ಷಿಣದ ಕ್ರಮದ್ದೇ. ಮೆಟ್ಟಿಲುಗಳ ನಡುವೆ ಗೌರೀಕುಂಡ. ದಕ್ಷಿಣಕ್ಕೆ ನಡೆದರೆ ವಿಜಯನಗರಂ ಘಾಟ್, ಹರಿಶ್ಚಂದ್ರ ಘಾಟ್, ಅದನ್ನು ದಾಟಿದರೆ ಮೈಸೂರು ಸಂಸ್ಥಾನ ಕಟ್ಟಿಸಿದ, ಈಗ ಕರ್ನಾಟಕ ಘಾಟ್ ಎಂದು ಕರೆಯುವ ಸೋಪಾನ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿ ಬಿಲ್ಲಿನಂತೆ ಬಾಗಿ ನಿಂತಿವೆ, ಎದುರು ದಡ ಬರೀ ಮರಳು. ಹೀಗಾಗಿ ಪೂರ್ವದಿಂದ ಹಿಂದಿರುಗಿ ಬರುವ ಪ್ರತಿಧ್ವನಿ ಇಲ್ಲವೆಂದೇ ಹೇಳಬಹುದು, ಬೆನ್ನ ಹಿಂದಿನ ಎತ್ತರದ ಗೋಡೆಗಳಿಂದ ಮಾತ್ರ ಉಂಟು. ದೂರದ ಮೆಟ್ಟಿಲಲ್ಲಿ ಅಗಸ ಬಟ್ಟೆ ಎತ್ತಿ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. 340 ಮೀಟರ್ ಆಚೆಗಾದರೆ, ಸದ್ದು ಬರುವ ಹೊತ್ತಿಗೆ ಅವನ ಕೈ ಮುಂದಿನ ಪೆಟ್ಟಿಗಾಗಿ ಮೇಲೆ ಎದ್ದಿರುತ್ತದೆ.

ಈ ತಡ ವರ್ಷವಿಡೀ ಒಂದೇ ಅಲ್ಲ. ಜನವರಿಯ ಮುಂಜಾವಿನಲ್ಲಿ ತಾಪಮಾನ 8 ಡಿಗ್ರಿಗೆ ಇಳಿದಾಗ ದನಿಯ ವೇಗ ಸೆಕೆಂಡಿಗೆ ಸುಮಾರು 336 ಮೀಟರ್. ಮೇ ತಿಂಗಳ ಮಧ್ಯಾಹ್ನ 44 ಡಿಗ್ರಿಯಲ್ಲಿ 358. ನೂರು ಮೀಟರ್ ದೂರದ ಘಂಟೆ ಚಳಿಗಾಲದಲ್ಲಿ 298 ಮಿಲಿಸೆಕೆಂಡಿಗೆ ಕೇಳಿದರೆ ಬೇಸಿಗೆಯಲ್ಲಿ 279ಕ್ಕೇ ಕೇಳುತ್ತದೆ. ಈ 19 ಮಿಲಿಸೆಕೆಂಡ್ ಕಿವಿಗೆ ಗೊತ್ತಾಗದು; ಧ್ವನಿವರ್ಧಕಗಳ ಸಾಲನ್ನು ಹೊಂದಿಸುವವನಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಚಳಿಗಾಲದ ಬೆಳಗ್ಗೆ ನೀರಿನ ಮೇಲಿನ ತಣ್ಣನೆ ಗಾಳಿಯ ಪದರ ದನಿಯನ್ನು ಕೆಳಕ್ಕೆ ಬಾಗಿಸುವುದರಿಂದ ದೂರದ ಘಾಟ್‌ನ ಮಂತ್ರವೂ ಹತ್ತಿರದ್ದೆಂಬಂತೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ತಡ ಅಷ್ಟೇ ಇರುತ್ತದೆ.

ಭಾರತದ ಮೊದಲ ಧ್ವನಿಮುದ್ರಣಗಳ ಕಾಲಕ್ಕೆ ತಡ ಯಾರ ತಲೆನೋವೂ ಆಗಿರಲಿಲ್ಲ. 1902ರ ನವೆಂಬರ್‌ನಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್‌ರ ಹಾಡನ್ನು ಮುದ್ರಿಸಿಕೊಂಡರು. ಬಾಲ್ಯದ ಕೆಲವು ವರ್ಷಗಳನ್ನು ಬನಾರಸ್‌ನಲ್ಲಿ ಕಳೆದ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಮುದ್ರಣದ ಕಾಲಕ್ಕೆ ಮೈಕು ಇರಲಿಲ್ಲ. ಗಾಯಕಿ ಲೋಹದ ಕೊಂಬಿನ ಬಾಯಿಗೆ ಮುಖ ಒಡ್ಡಿ ಹಾಡುತ್ತಿದ್ದರು, ಪಕ್ಕವಾದ್ಯದವರು ಹಿಂದೆ ಸರಿದು ಕೂರುತ್ತಿದ್ದರು. ಎರಡು ಮೀಟರ್ ಹಿಂದಿದ್ದ ತಬಲಾ 6 ಮಿಲಿಸೆಕೆಂಡ್ ತಡವಾಗಿ ಕೊಂಬನ್ನು ಸೇರಿದರೂ ಅದು ಬೈಠಕ್ಕಿನಲ್ಲಿ ಕೂತು ಕೇಳುವವನಿಗೆ ಆಗುವ ತಡವೇ. ಹಾಡುವವರು, ನುಡಿಸುವವರು, ಮುದ್ರಿಸುವವರು ಎಲ್ಲರೂ ಒಂದೇ ಕೋಣೆಯ ಗಾಳಿಯಲ್ಲಿದ್ದರು. ಗಾಯಕಿಗೆ ತಬಲೆಯ ದನಿಯೂ ತಬಲಜಿಗೆ ಗಾಯಕಿಯ ದನಿಯೂ ನೇರವಾಗಿ ಕೇಳುತ್ತಿತ್ತು. ಹಾಡುವ ಗಳಿಗೆ ಬೇರೆ, ಮುದ್ರಿಸುವ ಗಳಿಗೆ ಬೇರೆ ಎಂದಾದ ಮೇಲೆ ತಡವನ್ನು ನಿಭಾಯಿಸುವ ಕೆಲಸ ಶುರುವಾಯಿತು.

ಅದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದು ಸಿನಿಮಾ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅಂದಿನಿಂದ ಫಿಲ್ಮು ಓಡುತ್ತಿದ್ದ ಕೊನೆಯ ದಿನಗಳವರೆಗೂ 35 ಮಿಲಿಮೀಟರ್ ಪ್ರಿಂಟಿನಲ್ಲಿ ಚಿತ್ರದ ಪಕ್ಕದಲ್ಲೇ ಅದರ ದನಿ ಇರುತ್ತಿರಲಿಲ್ಲ. ಪ್ರೊಜೆಕ್ಟರ್‌ನ ಕಿಂಡಿಯ ಮುಂದೆ ಫಿಲ್ಮು ಸೆಕೆಂಡಿಗೆ 24 ಬಾರಿ ನಿಂತು ನಿಂತು ಸಾಗಬೇಕು. ದನಿಯನ್ನು ಓದುವ ದೀಪದ ಮುಂದೆ ಒಂದೇ ಸಮನೆ ಹರಿಯಬೇಕು. ಎರಡೂ ಒಂದೇ ಜಾಗದಲ್ಲಿ ಆಗದ ಮಾತು. ಹಾಗಾಗಿ ದನಿ ಓದುವ ಭಾಗವನ್ನು ಕಿಂಡಿಯಿಂದ 20 ಫ್ರೇಮು ಮುಂದೆ ಇಟ್ಟು, ಪ್ರಿಂಟಿನಲ್ಲಿ ದನಿಯನ್ನು ಅಷ್ಟೇ ಫ್ರೇಮು ಮುಂಚಿತವಾಗಿ ಅಚ್ಚು ಹಾಕಿದರು. ಇದಕ್ಕಿಂತ ಸೊಗಸಾದದ್ದು ಅದರ ಮೇಲೆ ಸೇರಿಸಿದ ಇನ್ನೊಂದು ಫ್ರೇಮು. ಒಂದು ಫ್ರೇಮಿನ ಅವಧಿ ಸುಮಾರು 42 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ದನಿ 14 ಮೀಟರ್ ಸಾಗುತ್ತದೆ. ಪರದೆಯ ಹಿಂದಿನ ಸ್ಪೀಕರ್‌ನಿಂದ ಚಿತ್ರಮಂದಿರದ ನಡು ಸಾಲಿಗೆ ದನಿ ತಲುಪಲು ಬೇಕಾದ ಹೊತ್ತನ್ನು ಲೆಕ್ಕ ಹಾಕಿ, ಪ್ರಿಂಟಿನಲ್ಲೇ 21 ಫ್ರೇಮಿನ ಅಂತರ ಕೊಡುತ್ತಿದ್ದರು. 1965ರ ‘ಸತ್ಯ ಹರಿಶ್ಚಂದ್ರ’ದ ಕಥೆ ಕೊನೆಗೆ ಬಂದು ನಿಲ್ಲುವುದು ಕೇದಾರ ಘಾಟ್‌ನ ನೆರೆಯ ಹರಿಶ್ಚಂದ್ರ ಘಾಟ್‌ನ ಸ್ಮಶಾನಕ್ಕೆ. ಆ ಚಿತ್ರದ ವೀರಬಾಹುವಾಗಿ ಎಂ.ಪಿ. ಶಂಕರ್ ತುಟಿ ಆಡಿಸಿದ್ದಕ್ಕೂ ಘಂಟಸಾಲರ ಕಂಠಕ್ಕೂ ಹೊಂದಿಕೆ ಬಂದದ್ದರಲ್ಲಿ ಈ ಲೆಕ್ಕದ ಪಾಲೂ ಇದೆ. ಗಾಂಧಿ ಕ್ಲಾಸಿನ ಮುಂದಿನ ಬೆಂಚಿನವರಿಗೆ ದನಿ ಕೂದಲೆಳೆಯಷ್ಟು ಬೇಗ, ಬಾಲ್ಕನಿಯವರಿಗೆ ಕೂದಲೆಳೆಯಷ್ಟು ತಡ, ಯಾರೂ ದೂರಲಿಲ್ಲ.

ಚಿತ್ರೀಕರಣದ ಜಾಗದಲ್ಲಿ ತಡದ ಕಾಟ ಇನ್ನೊಂದು ಬಗೆಯದು. ಕಾಶಿಗೂ ಕನ್ನಡ ಚಿತ್ರಸಂಗೀತಕ್ಕೂ ಇರುವ ಬಹು ದೊಡ್ಡ ನಂಟು 1977ರ ‘ಸನಾದಿ ಅಪ್ಪಣ್ಣ’. ಬನಾರಸ್‌ನ ಉಸ್ತಾದ್ ಬಿಸ್ಮಿಲ್ಲಾ ಖಾನ್ ಆ ಚಿತ್ರಕ್ಕೆ ಶಹನಾಯಿ ನುಡಿಸಿದರು, ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಎಸ್. ಜಾನಕಿಯವರ ಕಂಠವೂ ಶಹನಾಯಿಯೂ ಒಂದಕ್ಕೊಂದು ಉತ್ತರ ಕೊಡುತ್ತ ಹೋಗುವ ಹಾಡು ಇಂದಿಗೂ ಜನರ ಬಾಯಲ್ಲಿದೆ. ತೆರೆಯ ಮೇಲೆ ಆ ಶಹನಾಯಿಯನ್ನು ಹಿಡಿದವರು ರಾಜ್‌ಕುಮಾರ್. ತುಟಿ ಆಡಿಸುವುದಕ್ಕಿಂತ ಇದು ಕಷ್ಟದ ಕೆಲಸ: ಬೆರಳು ರಂಧ್ರದಿಂದ ಏಳುವುದು, ಕೆನ್ನೆ ಉಬ್ಬುವುದು, ಉಸಿರು ಮುಗಿಯುವುದು ಎಲ್ಲವೂ ಮುಂಚೆಯೇ ಮುದ್ರಿತವಾದ ದನಿಗೆ ಹೊಂದಬೇಕು.

ಇಂಥ ಹಾಡಿನ ಚಿತ್ರೀಕರಣದಲ್ಲಿ ಪ್ಲೇಬ್ಯಾಕ್ ಸ್ಪೀಕರ್ ಎಲ್ಲಿಡಬೇಕು ಎಂಬುದೂ ತಡದ ಪ್ರಶ್ನೆಯೇ. ಸ್ಪೀಕರ್ ಕ್ಯಾಮೆರಾದ ಪಕ್ಕದಲ್ಲಿದ್ದು ನಟ 30 ಮೀಟರ್ ದೂರದ ಮೆಟ್ಟಿಲ ಮೇಲಿದ್ದರೆ ಅವನಿಗೆ ಹಾಡು 87 ಮಿಲಿಸೆಕೆಂಡ್, ಅಂದರೆ ಎರಡು ಫ್ರೇಮು ತಡವಾಗಿ ಕೇಳುತ್ತದೆ. ಅವನ ಬೆರಳೂ ಅಷ್ಟೇ ತಡವಾಗಿ ಏಳುತ್ತದೆ. ದೋಣಿಯಲ್ಲಿ ಕ್ಯಾಮೆರಾ ಇಟ್ಟು ಘಾಟ್‌ನ ದೂರದ ಶಾಟ್ ತೆಗೆಯುವವರು ಸ್ಪೀಕರ್ ಅನ್ನು ನಟನ ಕಾಲಬುಡದಲ್ಲಿ, ಚೌಕಟ್ಟಿಗೆ ಕಾಣದಂತೆ ಮರೆಮಾಡುವುದು ಇದಕ್ಕೇ. ಆದರೂ ಉಳಿದ ವ್ಯತ್ಯಾಸವನ್ನು ಸಂಕಲನದ ಮೇಜಿನಲ್ಲಿ ಸರಿಪಡಿಸುತ್ತಿದ್ದರು. 35 ಮಿಲಿಮೀಟರ್‌ನ ಮ್ಯಾಗ್ನೆಟಿಕ್ ಫಿಲ್ಮಿನಲ್ಲಿ ಒಂದು ಫ್ರೇಮಿಗೆ ನಾಲ್ಕು ರಂಧ್ರ. ಒಂದು ರಂಧ್ರ ಸರಿಸಿದರೆ ದನಿ ಸುಮಾರು 10 ಮಿಲಿಸೆಕೆಂಡ್ ಹಿಂದೆ ಮುಂದೆ ಆಗುತ್ತದೆ. ಇವತ್ತು ತಂತ್ರಾಂಶದಲ್ಲಿ ‘ನಡ್ಜ್’ ಎನ್ನುವ ಗುಂಡಿ ಮಾಡುವ ಕೆಲಸವನ್ನು ಸಂಕಲನಕಾರರು ಬೆರಳಲ್ಲಿ ರಂಧ್ರ ಎಣಿಸಿ ಮಾಡುತ್ತಿದ್ದರು.

ಮ್ಯಾಗ್ನೆಟಿಕ್ ಟೇಪು ಬಂದ ಮೇಲೆ ತಡ ಯಂತ್ರದ ಹೊಟ್ಟೆಯೊಳಕ್ಕೇ ಬಂತು. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ಡು ಒಂದು ಕಡೆ, ಅದರ ಮುಂದೆ ತುಸು ದೂರದಲ್ಲಿ ಕೇಳಿಸುವ ಹೆಡ್ಡು. ನಡುವಿನ ಅಂತರ ಎರಡು ಅಂಗುಲವಿದ್ದು ಟೇಪು ಸೆಕೆಂಡಿಗೆ 15 ಅಂಗುಲ ಓಡಿದರೆ ತಡ 133 ಮಿಲಿಸೆಕೆಂಡ್. ಮೊದಲು ಮುದ್ರಿಸಿದ ವಾದ್ಯವನ್ನು ಕೇಳುತ್ತ ಅದರ ಪಕ್ಕದ ಟ್ರ್ಯಾಕಿನಲ್ಲಿ ಹಾಡಿದರೆ, ಗಾಯಕ ಎಷ್ಟೇ ತಾಳದಲ್ಲಿದ್ದರೂ ಟೇಪಿನ ಮೇಲೆ ಅವನ ದನಿ ಆ 133 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಅಮೆರಿಕದ ಆಂಪೆಕ್ಸ್ ಕಂಪನಿ 1950ರ ದಶಕದಲ್ಲಿ ಕಂಡುಕೊಂಡ ಉಪಾಯ ಸರಳ: ಹಳೆಯ ಟ್ರ್ಯಾಕನ್ನು ಮುದ್ರಿಸುವ ಹೆಡ್ಡಿನಿಂದಲೇ ಕೇಳಿಸುವುದು. ಹಾಗೆ ಕೇಳಿಸಿದ ದನಿ ಮಂಕು, ಮೇಲ್ಸ್ವರಗಳು ಸರಿಯಾಗಿ ಬರುವುದಿಲ್ಲ. ಆದರೆ ಕಾಲಕ್ಕೆ ಸರಿಯಾಗಿ ಬರುತ್ತದೆ. ಸೆಲ್‌ಸಿಂಕ್ ಎಂಬ ಹೆಸರಿನ ಈ ಏರ್ಪಾಡಿನ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಕೈ ಸೇರಿತು. ಗಾಯಕ ಒಂದು ದಿನ, ವಾದ್ಯವೃಂದ ಇನ್ನೊಂದು ದಿನ ಎಂಬ ಇಂದಿನ ಪದ್ಧತಿಗೆ ಬುನಾದಿ ಇದೇ. ಬಹುಕಾಲ ಮದ್ರಾಸಿನ ಸ್ಟುಡಿಯೊಗಳನ್ನೇ ನೆಚ್ಚಿಕೊಂಡಿದ್ದ ಕನ್ನಡ ಚಿತ್ರಗೀತೆಗಳಿಗೆ 1980ರ ದಶಕದಲ್ಲಿ ಶಂಕರ್ ನಾಗ್ ಮತ್ತು ಅನಂತ್ ನಾಗ್ ಸೋದರರ ಸಂಕೇತ್ ಸ್ಟುಡಿಯೊ ಬೆಂಗಳೂರಿನಲ್ಲೇ ಸೌಕರ್ಯ ಒದಗಿಸಿದ ಹೊತ್ತಿಗೆ ಈ ಬಗೆಯ ಮುದ್ರಣ ಎಲ್ಲೆಡೆ ವಾಡಿಕೆಯಾಗಿತ್ತು.

ಇದೇ ಹೊತ್ತಿಗೆ ಧ್ವನಿವರ್ಧಕದವರು ತಡವನ್ನು ಬೇಕೆಂದೇ ಸೇರಿಸುವುದನ್ನು ಕಲಿತಿದ್ದರು. ಜಾತ್ರೆಯ ಬಯಲಲ್ಲಿ ಸಾಲಾಗಿ ಕಟ್ಟಿದ ಹಾರ್ನ್‌ಗಳ ಕೆಳಗೆ ಓಡಾಡಿದವರಿಗೆ ಗೊತ್ತು, ಒಂದೇ ಮಾತು ಮೂರು ಸಲ ಕೇಳುತ್ತದೆ. ತಂತಿಯಲ್ಲಿ ವಿದ್ಯುತ್ ಕ್ಷಣಾರ್ಧದಲ್ಲಿ ಎಲ್ಲ ಹಾರ್ನ್‌ಗಳನ್ನೂ ತಲುಪುತ್ತದೆ, ಗಾಳಿಯಲ್ಲಿ ದನಿ ನಿಧಾನವಾಗಿ ಬರುತ್ತದೆ. ಹತ್ತಿರದ ಹಾರ್ನ್ ಮೊದಲು, ದೂರದ್ದು ಆಮೇಲೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಪರಿಹಾರದ ದಾರಿ ತೋರಿಸಿದರು. ಒಂದೇ ದನಿ ಎರಡು ಕಡೆಯಿಂದ ಕೆಲವು ಮಿಲಿಸೆಕೆಂಡ್‌ಗಳಿಂದ ಸುಮಾರು 30 ಮಿಲಿಸೆಕೆಂಡ್‌ಗಳವರೆಗಿನ ಅಂತರದಲ್ಲಿ ಬಂದರೆ ಕಿವಿ ಅವೆರಡನ್ನೂ ಒಂದೆಂದೇ ಗ್ರಹಿಸುತ್ತದೆ, ಮೊದಲು ಬಂದ ದಿಕ್ಕಿನಿಂದಲೇ ಬಂತೆಂದು ನಂಬುತ್ತದೆ. ಹಾಗಾದರೆ ವೇದಿಕೆಯಿಂದ ದೂರದ ಸ್ಪೀಕರ್‌ಗಳಿಗೆ ಹೋಗುವ ದನಿಯನ್ನು ತುಸು ಹೊತ್ತು ತಡೆದು ಆಮೇಲೆ ಬಿಟ್ಟರಾಯಿತು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ತಿರುಗುವ ಮ್ಯಾಗ್ನೆಟಿಕ್ ತಟ್ಟೆಯ ಮೇಲೆ ದನಿಯನ್ನು ಮುದ್ರಿಸಿ, ಮುಂದಿನ ಹೆಡ್ಡುಗಳಿಂದ ತಡವಾಗಿ ಓದಿ ಕಂಬಗಳ ಸ್ಪೀಕರ್‌ಗಳಿಗೆ ಕಳಿಸಿದರು. 1971ರಲ್ಲಿ ಲೆಕ್ಸಿಕಾನ್ ಮತ್ತು ಇವೆಂಟೈಡ್ ಕಂಪನಿಗಳು ಡಿಜಿಟಲ್ ಡಿಲೇ ಯಂತ್ರಗಳನ್ನು ಮಾರುಕಟ್ಟೆಗೆ ತಂದವು. 1973ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್‌ಕಿನ್ಸ್ ಗ್ಲೆನ್‌ನ ಸಂಗೀತ ಕೂಟದಲ್ಲಿ ಸುಮಾರು ಆರು ಲಕ್ಷ ಜನರ ನಡುವೆ ಎಬ್ಬಿಸಿದ ಸ್ಪೀಕರ್ ಗೋಪುರಗಳಿಗೆ ಅಂಥವನ್ನೇ ಜೋಡಿಸಲಾಗಿತ್ತು. ಕೇದಾರ ಘಾಟ್‌ನಂಥ ಜಾಗದಲ್ಲಿ ನಡುವೆ ಒಂದು, 60 ಮೀಟರ್ ಆಚೆ ಇನ್ನೊಂದು ಸ್ಪೀಕರ್ ಇಟ್ಟರೆ ಎರಡನೆಯದಕ್ಕೆ 173 ಮಿಲಿಸೆಕೆಂಡ್ ತಡ ಕೊಡಬೇಕು, ಅದರ ಮೇಲೆ ಹಾಸ್ ಹೇಳಿದ ಗುಣ ಕೆಲಸ ಮಾಡಲು ಇನ್ನೊಂದು ಹತ್ತು ಹದಿನೈದು. ಕಾರ್ತಿಕ ಪೂರ್ಣಿಮೆಯ ದೇವ ದೀಪಾವಳಿಗೆ ಹೊಂದಿಸಿದ ಅಂಕಿಯನ್ನು ಮೇ ತಿಂಗಳಿಗೆ ಹಾಗೇ ಉಳಿಸಿಕೊಂಡರೆ ಕೆಲವು ಮಿಲಿಸೆಕೆಂಡ್‌ಗಳಷ್ಟು ತಪ್ಪುತ್ತದೆ.

ಕಂಪ್ಯೂಟರ್ ಈ ಕಥೆಗೆ ಸೇರಿದ್ದು 1990ರ ದಶಕದಲ್ಲಿ. ಧ್ವನಿಮುದ್ರಣದ ತಂತ್ರಾಂಶಗಳಾದ ಡಿಜಿಡಿಸೈನ್‌ನ ಪ್ರೊ ಟೂಲ್ಸ್ 1991ರಲ್ಲೂ ಸ್ಟೈನ್‌ಬರ್ಗ್‌ನ ಕ್ಯೂಬೇಸ್ ವಿಎಸ್‌ಟಿ 1996ರಲ್ಲೂ ಬಂದವು. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ತೆಗೆದುಕೊಳ್ಳುವುದಿಲ್ಲ, ಒಂದು ಬಫರ್ ತುಂಬುವವರೆಗೆ ಕಾದು ಒಟ್ಟಿಗೆ ಸಂಸ್ಕರಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 128 ಸ್ಯಾಂಪಲ್‌ಗಳ ಬಫರ್ ಅಂದರೆ 2.9 ಮಿಲಿಸೆಕೆಂಡ್, 1024 ಸ್ಯಾಂಪಲ್ ಅಂದರೆ 23. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು, ಹೀಗೆ ದೊಡ್ಡ ಬಫರಿನಲ್ಲಿ ಹೋಗಿ ಬರುವ ತಡ 46 ಮಿಲಿಸೆಕೆಂಡ್ ದಾಟುತ್ತದೆ. 16 ಮೀಟರ್ ದೂರದಿಂದ ತನ್ನದೇ ದನಿ ಕೇಳಿದಂತೆ. ದ್ರುತ್ ಲಯದಲ್ಲಿ ಸೆಕೆಂಡಿಗೆ 16 ಪೆಟ್ಟು ಹಾಕುವ ಬನಾರಸ್ ಬಾಜ್ ಶೈಲಿಯ ತಬಲಜಿಗೆ ಎರಡು ಪೆಟ್ಟುಗಳ ನಡುವೆ ಸಿಗುವುದು 62 ಮಿಲಿಸೆಕೆಂಡ್. ಅದರ ಮುಕ್ಕಾಲು ಪಾಲು ಹೆಡ್‌ಫೋನಿನಲ್ಲೇ ಕಳೆದುಹೋದರೆ ಕೈ ತಡವರಿಸದೆ ಇರದು. ವಿಂಡೋಸ್‌ನ ಮಾಮೂಲಿ ಧ್ವನಿ ವ್ಯವಸ್ಥೆಯಲ್ಲಿ ತಡ ಇದಕ್ಕೂ ಹಲವು ಪಟ್ಟು ಹೆಚ್ಚಿತ್ತು. 1997ರಲ್ಲಿ ಸ್ಟೈನ್‌ಬರ್ಗ್ ಹೊರತಂದ ಆಸಿಯೊ ಎಂಬ ಚಾಲಕ ಪದ್ಧತಿ ಆ ವ್ಯವಸ್ಥೆಯನ್ನು ಬದಿಗಿಟ್ಟು ಸೌಂಡ್ ಕಾರ್ಡಿನ ಜೊತೆ ನೇರವಾಗಿ ವ್ಯವಹರಿಸಿತು. ಮನೆಯ ಕೋಣೆಯಲ್ಲಿ ಹಾಡು ಮುದ್ರಿಸುವುದು ಕೈಗೆಟಕಿದ್ದರಲ್ಲಿ ಅಗ್ಗದ ಮೈಕಿಗಿಂತ ಇದರ ಪಾಲು ದೊಡ್ಡದು ಎನ್ನಬೇಕು.

ಬಫರಿನ ತಡ ಎಲ್ಲ ಟ್ರ್ಯಾಕಿಗೂ ಒಂದೇ. ದನಿಯನ್ನು ತಿದ್ದಲು ಟ್ರ್ಯಾಕಿಗೆ ಹಾಕುವ ಪ್ಲಗ್‌ಇನ್‌ಗಳದ್ದು ಹಾಗಲ್ಲ. ಮುಂದೆ ಬರುವ ಏರಿಳಿತವನ್ನು ಇಣುಕಿ ನೋಡುವ ಲಿಮಿಟರ್‌ಗೆ ಕೆಲವು ಮಿಲಿಸೆಕೆಂಡ್ ಬೇಕು. ಲೀನಿಯರ್ ಫೇಸ್ ಈಕ್ವಲೈಜರ್ ಸಾವಿರಾರು ಸ್ಯಾಂಪಲ್‌ಗಳನ್ನು ನುಂಗಬಹುದು. ಜಾನಪದ ಗೀತೆಯೊಂದರ ಡೊಳ್ಳನ್ನು ಎರಡು ಟ್ರ್ಯಾಕಾಗಿ ಸೀಳಿ, ಒಂದಕ್ಕೆ ಮಾತ್ರ ಇಂಥ ಪ್ಲಗ್‌ಇನ್ ಹಾಕಿ ಎರಡನ್ನೂ ಕೂಡಿಸಿದರೆ ಏನಾಗುತ್ತದೆ? ಒಂದು ಮಿಲಿಸೆಕೆಂಡಿನ ವ್ಯತ್ಯಾಸಕ್ಕೇ 500 ಹರ್ಟ್ಸ್ ಅಳಿಸಿಹೋಗುತ್ತದೆ, ಆಮೇಲೆ 1,500, 2,500. ಡೊಳ್ಳಿನ ಗತ್ತು ಹೋಗಿ ಕೊಳವೆಯೊಳಗಿಂದ ಬಡಿದಂತೆ ಕೇಳುತ್ತದೆ. ಮೊದಮೊದಲು ಇದನ್ನು ಕೈಯಾರೆ ಸರಿಪಡಿಸಬೇಕಿತ್ತು. ಪ್ರತಿ ಪ್ಲಗ್‌ಇನ್ ಎಷ್ಟು ಸ್ಯಾಂಪಲ್ ತಡಮಾಡುತ್ತದೆ ಎಂಬ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಮಿಕ್ಕ ಟ್ರ್ಯಾಕುಗಳಿಗೆ ಅಷ್ಟಷ್ಟೇ ತಡ ಸೇರಿಸುವ ಬೇಸರದ ಕೆಲಸ. 2002ರ ಕ್ಯೂಬೇಸ್ ಎಸ್‌ಎಕ್ಸ್ ಇದನ್ನು ತಾನೇ ಮಾಡಿತು. ವೃತ್ತಿಪರ ಸ್ಟುಡಿಯೊಗಳ ಪ್ರೊ ಟೂಲ್ಸ್ ಎಚ್‌ಡಿಗೆ 2004ರ 6.4ನೇ ಆವೃತ್ತಿಯಲ್ಲಿ ಈ ಸೌಲಭ್ಯ ಬಂತು. ಮಾಮೂಲಿ ಕಂಪ್ಯೂಟರ್‌ನಲ್ಲಿ ಅದೇ ತಂತ್ರಾಂಶ ಬಳಸುವವರು 2010ರ ಒಂಬತ್ತನೇ ಆವೃತ್ತಿಯವರೆಗೆ ಕಾಯಬೇಕಾಯಿತು.

ತಂತ್ರಾಂಶ ಮಾಡುವುದು ಇಷ್ಟೇ: ಪ್ರತಿ ಪ್ಲಗ್‌ಇನ್ ತನ್ನ ತಡವನ್ನು ತಾನೇ ಹೇಳಿಕೊಳ್ಳುತ್ತದೆ, ಅತಿ ನಿಧಾನದ ಟ್ರ್ಯಾಕ್ ಯಾವುದೆಂದು ತಂತ್ರಾಂಶ ಹುಡುಕುತ್ತದೆ, ಉಳಿದವನ್ನೆಲ್ಲ ಅದರ ಮಟ್ಟಕ್ಕೆ ತಡೆದು ನಿಲ್ಲಿಸುತ್ತದೆ. ಪಂಕ್ತಿಯ ಕೊನೆಯ ಎಲೆಗೆ ಬಡಿಸಿ ಆಗುವ ತನಕ ಮೊದಲ ಎಲೆಯವರು ಕೈ ಇಡದೆ ಕೂರುವ ಕ್ರಮ ಇದು. ಯಾರೂ ಬೇಗ ಆಗುವುದಿಲ್ಲ, ಎಲ್ಲರೂ ಸಮವಾಗಿ ತಡವಾಗುತ್ತಾರೆ. ಮುದ್ರಿಸಿಟ್ಟ ಹಾಡಿನ ಮಿಶ್ರಣಕ್ಕೆ ಇದು ಚೊಕ್ಕ ಉಪಾಯ, ಏಕೆಂದರೆ ಪ್ಲೇ ಗುಂಡಿ ಒತ್ತಿದ ಮೇಲೆ ಅರ್ಧ ಸೆಕೆಂಡ್ ಕಾದರೆ ಯಾರಿಗೂ ನಷ್ಟವಿಲ್ಲ. ಮೈಕಿನ ಮುಂದೆ ಹಾಡುತ್ತಿರುವವರಿಗೆ ಅದೇ ಮುಳುವಾಗುತ್ತದೆ. ಹಾಡು ಮುಕ್ಕಾಲು ಸಿದ್ಧವಾದ ಮೇಲೆ ಗಾಯಕಿಯನ್ನು ಮತ್ತೆ ಕರೆಸಿ ಒಂದು ಸಾಲು ಹಾಡಿಸುವಾಗ ಸ್ಟುಡಿಯೊಗಳಲ್ಲಿ ಗೊಂದಲವಾಗುವುದು ಇಲ್ಲಿ. ಮಾಸ್ಟರ್ ಟ್ರ್ಯಾಕಿನಲ್ಲಿ ಕೂತ ಒಂದೇ ಒಂದು ನಿಧಾನದ ಪ್ಲಗ್‌ಇನ್ ಅವರ ಹೆಡ್‌ಫೋನಿನ ದನಿಯನ್ನೂ ಹಿಂದಕ್ಕೆ ಎಳೆಯುತ್ತದೆ. ತನ್ನ ದನಿ ತಲೆಬುರುಡೆಯ ಮೂಳೆಯ ಮೂಲಕ ಆಗಲೇ ಕೇಳಿರುವುದರಿಂದ, ಐದಾರು ಮಿಲಿಸೆಕೆಂಡಿನ ತಡವೂ ಎರಡು ದನಿ ಬೆರೆತು ಟೊಳ್ಳಾದ ಭಾವ ಕೊಡುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಭಾರಿ ಪ್ಲಗ್‌ಇನ್‌ಗಳನ್ನು ಬಂದ್ ಮಾಡಿ, ಬಫರ್ ಇಳಿಸಿ, ಅಥವಾ ಮೈಕಿನ ದನಿಯನ್ನು ಕಂಪ್ಯೂಟರಿಗೆ ಹೋಗುವ ಮುಂಚೆಯೇ ಆಡಿಯೊ ಇಂಟರ್‌ಫೇಸಿನಿಂದ ನೇರ ಹೆಡ್‌ಫೋನಿಗೆ ತಿರುಗಿಸುತ್ತಾರೆ. ಆಂಪೆಕ್ಸ್‌ನವರು ಮಂಕು ದನಿಯನ್ನು ಒಪ್ಪಿಕೊಂಡ ಹಾಗೆ ಇಲ್ಲಿಯೂ ಗಾಯಕಿ ರಿವರ್ಬ್ ಇಲ್ಲದ ಬೋಳು ದನಿಯನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹಾಗೆ ಮುದ್ರಿಸಿದ ದನಿಯನ್ನು ತಂತ್ರಾಂಶ ಬಫರಿನ ಲೆಕ್ಕ ಹಿಡಿದು ಅಷ್ಟು ಮುಂಚಿನ ಜಾಗಕ್ಕೆ ಸರಿಸಿ ಕೂರಿಸುತ್ತದೆ. ಚಾಲಕ ತಂತ್ರಾಂಶ ಕೊಟ್ಟ ಲೆಕ್ಕ ಸುಳ್ಳಾದರೆ ಕೂರಿಸುವ ಜಾಗವೂ ತಪ್ಪು. ಇದನ್ನು ಪರೀಕ್ಷಿಸಲು ಒಂದು ತಂತಿ ಸಾಕು. ಇಂಟರ್‌ಫೇಸಿನ ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಜೋಡಿಸಿ, ‘ಟಕ್’ ಎನ್ನುವ ಒಂದು ಸದ್ದನ್ನು ಕಳಿಸಿ ಮತ್ತೆ ಮುದ್ರಿಸಿ, ಎರಡು ಅಲೆಗಳನ್ನು ಮೇಲೆ ಕೆಳಗೆ ಇಟ್ಟು ಹಿಗ್ಗಿಸಿ ನೋಡಿದರೆ ಎಷ್ಟು ಸ್ಯಾಂಪಲ್ ಹಿಂದು ಮುಂದು ಎಂದು ತಿಳಿಯುತ್ತದೆ. ಆ ಸಂಖ್ಯೆಯನ್ನು ರೆಕಾರ್ಡಿಂಗ್ ಆಫ್‌ಸೆಟ್‌ನ ಚೌಕದಲ್ಲಿ ಬರೆದರೆ ಮುಗಿಯಿತು.

ಎಲ್ಲ ತಡವನ್ನೂ ಹೀಗೆ ಅಳಿಸಬೇಕೆಂದೇನೂ ಇಲ್ಲ. ಘಾಟ್‌ನ ಮೆಟ್ಟಿಲ ಮೇಲೆ ಶಹನಾಯಿ ಮುದ್ರಿಸುವವರು ಒಂದು ಮೈಕನ್ನು ವಾದ್ಯದ ಬಾಯ ಬಳಿ, ಇನ್ನೊಂದನ್ನು 20 ಮೀಟರ್ ಕೆಳಗೆ ನೀರಿನಂಚಿನಲ್ಲಿ ಇಟ್ಟರೆ ಎರಡನೆಯದಕ್ಕೆ ದನಿ 58 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅಲೆಗಳನ್ನು ಎಳೆದು ಒಂದರ ಮೇಲೊಂದು ಕೂರಿಸುವುದು ಈಗ ಒಂದು ಕ್ಲಿಕ್ಕಿನ ಕೆಲಸ. ಕೂರಿಸಿದರೆ ಶಹನಾಯಿ ಚುರುಕಾಗುತ್ತದೆ, ಜಾಗದ ವಿಸ್ತಾರ ಮಾಯವಾಗುತ್ತದೆ. ಎರಡು ಮೈಕು ಒಂದೆರಡು ಮೀಟರ್ ಅಂತರದಲ್ಲಿದ್ದಾಗ ಮಾತ್ರ, ಅಂದರೆ ದನಿ ಟೊಳ್ಳಾಗುವ ಅಪಾಯವಿದ್ದಾಗ, ಕೂರಿಸುವುದು ಲೇಸು.

ಫೋನಿನ ಯುಗದಲ್ಲಿ ಹಳೆಯ ತಡಗಳು ಹೊಸ ವೇಷದಲ್ಲಿ ಬಂದಿವೆ. ಕಾಶಿಯಾತ್ರೆಗೆ ಬಂದವರು ಮೆಟ್ಟಿಲ ಮೇಲೆ ನಿಂತು, ಬ್ಲೂಟೂತ್ ಇಯರ್‌ಫೋನಿನಲ್ಲಿ ಕರೋಕೆ ಟ್ರ್ಯಾಕ್ ಕೇಳುತ್ತ ವಚನ ಹಾಡಿ ಮುದ್ರಿಸಿದರೆ ದನಿ ತಾಳದ ಹಿಂದೆ ಎಳೆದಂತಿರುತ್ತದೆ. ಬ್ಲೂಟೂತ್ ಸಂಪರ್ಕವೇ 150ರಿಂದ 250 ಮಿಲಿಸೆಕೆಂಡ್ ತಿನ್ನುವುದುಂಟು. ತಂತಿಯ ಇಯರ್‌ಫೋನ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಇಂಟರ್‌ನೆಟ್ ಮೂಲಕ ಊರಿಂದೂರಿಗೆ ಕೂಡಿ ನುಡಿಸುವುದು ಇದಕ್ಕಿಂತ ಬಿಗಿಯಾದ ಗಂಟು. ವಾರಾಣಸಿಗೂ ಬೆಂಗಳೂರಿಗೂ ನೇರ ದೂರ ಸುಮಾರು 1,500 ಕಿಲೋಮೀಟರ್. ಗಾಜಿನೆಳೆಯಲ್ಲಿ ಬೆಳಕಿಗೇ ಒಂದು ದಿಕ್ಕಿಗೆ ಏಳೆಂಟು ಮಿಲಿಸೆಕೆಂಡ್ ಬೇಕು. ತಂತಿಯ ದಾರಿ ಸುತ್ತುಬಳಸಾದ್ದರಿಂದ ನಿಜವಾದ ತಡ ಅದಕ್ಕಿಂತ ಎಷ್ಟೋ ಹೆಚ್ಚು. ಅದರ ಮೇಲೆ ಎರಡೂ ಕಡೆಯ ಬಫರು, ವಿಡಿಯೊ ಕರೆಯ ತಂತ್ರಾಂಶದ ಕಾಯುವಿಕೆ. ಕೂಡಿ ನುಡಿಸುವವರಿಗೆ 25–30 ಮಿಲಿಸೆಕೆಂಡ್ ದಾಟಿದರೆ ಲಯ ಜಾರತೊಡಗುತ್ತದೆ: ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ನಿಧಾನವಾಗುತ್ತಾ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಕಲಾವಿದರು ಬೇರೆ ಬೇರೆ ಮನೆಗಳಿಂದ ಹಾಡಿದ ವಿಡಿಯೊಗಳು ಬಹುತೇಕ ಒಂದೇ ಹೊತ್ತಿಗೆ ಹಾಡಿದ್ದಲ್ಲ. ಒಂದು ಮಾರ್ಗದರ್ಶಿ ಟ್ರ್ಯಾಕಿಗೆ ಒಬ್ಬೊಬ್ಬರೂ ಹಾಡಿ ಕಳಿಸಿದ್ದನ್ನು ಆಮೇಲೆ ಹೊಂದಿಸಿದ್ದು.

ಜ್ಯಾಕ್‌ಟ್ರಿಪ್, ಜಮುಲಸ್ ಮುಂತಾದ ತಂತ್ರಾಂಶಗಳು ಈ ತಡವನ್ನು ಆದಷ್ಟು ಹಿಂಡುತ್ತವೆ, ಒಂದೇ ಊರಿನೊಳಗೆ ಕೆಲಸಕ್ಕೂ ಬರುತ್ತವೆ. 2005ರಲ್ಲಿ ಜಸ್ಟಿನ್ ಫ್ರಾಂಕೆಲ್ ಮತ್ತು ಸಂಗಡಿಗರು ರೂಪಿಸಿದ ನಿಂಜಾಮ್ ತಿರುವು ಮುರುವಾಗಿ ಯೋಚಿಸಿತು. ತಡವನ್ನು ಇಳಿಸುವ ಗೋಜಿಗೆ ಹೋಗದೆ ಅದು ಒಂದು ಪೂರ್ತಿ ಆವರ್ತನದಷ್ಟು ಹಿಗ್ಗಿಸುತ್ತದೆ. ಬನಾರಸ್‌ನ ತಬಲಜಿ ನುಡಿಸಿದ ಹದಿನಾರು ಮಾತ್ರೆಯ ತೀನ್‌ತಾಲದ ಒಂದು ಆವರ್ತನ ಬೆಂಗಳೂರಿನ ಸಿತಾರಿನವರಿಗೆ ಮುಂದಿನ ಆವರ್ತನದಲ್ಲಿ, ಸಮ್ ಎಂಬ ಮೊದಲ ಮಾತ್ರೆಗೆ ಸರಿಯಾಗಿ ಕೇಳುತ್ತದೆ. ಇಬ್ಬರೂ ಕೇಳುವುದು ಇನ್ನೊಬ್ಬರ ಹಿಂದಿನ ಸುತ್ತನ್ನೇ. ಲಹರಾದಂತೆ ಸುತ್ತಿ ಸುತ್ತಿ ಬರುವ ಸಂಗೀತಕ್ಕೆ ಈ ಉಪಾಯ ಚೆನ್ನಾಗಿ ಒದಗುತ್ತದೆ. ತಾಳವಿಲ್ಲದ ಆಲಾಪಕ್ಕೂ, ಆಗಿಂದಾಗ್ಗೆ ಉತ್ತರ ಬೇಡುವ ಸವಾಲ್–ಜವಾಬಿಗೂ ಒದಗುವುದಿಲ್ಲ. ಅವಕ್ಕೆ ಕಲಾವಿದರು ಈಗಲೂ ಟಿಕೆಟ್ ತೆಗೆದು ಒಂದೇ ಊರಿಗೆ ಹೋಗಬೇಕು.